ಬಲಗಡೆ ಒಂದು ಜೇಬು

ನಿಟ್ಟುವಳ್ಳಿಯ ಮೂರನೇ ಕ್ರಾಸಿನಲ್ಲಿ ನನ್ನ ಮಿಷನ್ನು.
ರವಿಕೆ, ಲಂಗ, ಫಾಲ್ಸು, ಜಿಗ್‌ಜಾಗು ಅಂತ ಬೋರ್ಡಿನಲ್ಲಿದೆ.
ಹೊಟ್ಟೆ ಹೊರೆಯುವುದು ಮಾತ್ರ ನೈಟಿ.
ಅದರ ಹೆಸರು ಅಲ್ಲಿಲ್ಲ.
ಬರೆದುಬಿಡು ಅಂದಾಗ ಪೇಂಟರ್ ಓಬಳೇಶಿ ನಕ್ಕ:
ಅದನ್ಯಾಕಕ್ಕ ಬೀದಿಗೆ ತರ್ತೀಯ?

ತಂದವಳು ನಾನಲ್ಲ.
ಅದು ತಾನಾಗಿ ನಡೆದು ಬಂತು,
ಆರಕ್ಕೆ ಹಾಲಿನ ಬೂತಿಗೆ,
ಏಳಕ್ಕೆ ಕಸದ ಗಾಡಿಯ ಹಿಂದೆ ಓಡುತ್ತ,
ಎಂಟಕ್ಕೆ ಶಾಲೆ ವ್ಯಾನಿನ ಬಾಗಿಲಿಗೆ
ಒಂದು ಕೈಯಲ್ಲಿ ಟಿಫನ್ ಡಬ್ಬಿ,
ಇನ್ನೊಂದರಲ್ಲಿ ಮಗು ಬಿಟ್ಟುಹೋದ ಒಂಟಿ ಶೂ.
ಹೆಸರಿಗೆ ರಾತ್ರಿಯ ಉಡುಪು.
ನಾನು ಹೊಲಿದ ನೈಟಿ ಮಲಗಿದ್ದನ್ನು
ನಾನಿನ್ನೂ ಕಂಡಿಲ್ಲ.

ಹೆಗಲ ಮೇಲೊಂದು ಟವೆಲ್ ಬಿದ್ದರೆ ಮರ್ಯಾದೆ.
ಟವೆಲ್ ಒಣಗದಿದ್ದರೆ ಮಗಳ ಯೂನಿಫಾರ್ಮಿನ ವೇಲು.
ಅದೂ ಸಿಗದ ಒಂದು ದಿನ ಪುಷ್ಪಾವತಿ
ಸೋಫಾದ ಮೇಲಿನ ಕ್ರೋಷಾ ಕವರು ಹೊದ್ದು ಬಂದಿದ್ದಳು
ಕೊತ್ತಂಬರಿ ಕೊಳ್ಳಲು.
ಯಾರೂ ನಗಲಿಲ್ಲ.
ತುಂಬ ತೂತಿದ್ದರೂ
ಮುಚ್ಚಿದ ಹಾಗೆಯೇ ಲೆಕ್ಕ.

ಮಂಡಕ್ಕಿ ಭಟ್ಟಿಯ ಶಬೀನಾ
ನೈಟಿಯ ಮೇಲೆ ಗಂಡನ ಹಳೇ ಶರ್ಟು ಹಾಕಿ
ಕೊರಳ ತನಕ ಗುಂಡಿ ಬಿಗಿಯುತ್ತಾಳೆ.
ಒಲೆಯಲ್ಲಿ ಹೊಟ್ಟು ಉರಿಯುವಾಗ ಮೈಮೇಲೆ ಎರಡೆರಡು ಬಟ್ಟೆ.
ಸೆಖೆ ಆಗಲ್ವೇನೆ?
ಆಗ್ತದೆ. ಮಾತು ಕೇಳೋದಕ್ಕಿಂತ ಕಮ್ಮಿ, ಅಂದಳು.

ಯುಗಾದಿ ಕಳೆದ ವಾರಕ್ಕೆ ಪಾರ್ಕಿನ ಗೇಟಿಗೆ ಹಲಗೆ ಬಿತ್ತು.
ನೈಟಿಯಲ್ಲಿ ಬರುವುದನ್ನು ನಿಶೇದಿಸಲಾಗಿದೆ.
ಓಬಳೇಶಿಯದೇ ಅಕ್ಷರ, ಓಬಳೇಶಿಯದೇ ತಪ್ಪು,
ಕೆಳಗೆ ಅಧ್ಯಕ್ಷ ಮುರಿಗೆಪ್ಪನವರ ಹೆಸರು.
ನೆಟ್ಟಗಿದೆಯೋ ಇಲ್ಲವೋ ನೋಡಲು ಬಂದವರು
ಪಟ್ಟಾಪಟ್ಟಿ ಚಡ್ಡಿಯಲ್ಲಿದ್ದರು.
ಬನಿಯನ್ನಿನ ತೂತಿನಿಂದ ಶಿವದಾರ ಇಣುಕುತ್ತಿತ್ತು.
ಅದು ಬಟ್ಟೆಯ ವಿಷಯವಲ್ಲ,
ಬೇಸಿಗೆಯ ವಿಷಯ.

ಆಷಾಢದಲ್ಲಿ ಅವರ ಅವ್ವ, ಕೊಟ್ರಮ್ಮ,
ಬಚ್ಚಲಲ್ಲಿ ಜಾರಿದರು. ಸೊಂಟಕ್ಕೆ ಸರಳು ಬಿತ್ತು.
ನೆರಿಗೆ ಹಿಡಿಯಲು ಬಗ್ಗುವಂತಿಲ್ಲ ಅಂದರಂತೆ ಡಾಕ್ಟರು.

ಕತ್ತಲಾದ ಮೇಲೆ ಮುರಿಗೆಪ್ಪನವರು ಬಂದರು,
ಇಸ್ತ್ರಿ ಮಾಡಿದ ಅಂಗಿ ತೊಟ್ಟು,
ಅರ್ಧ ಇಳಿಸಿದ ಶಟರಿನ ಕೆಳಗೆ ಬಗ್ಗಿ.
ಅಳತೆಗೆಂದು ತಂದಿದ್ದರು ಅವ್ವನದೊಂದು ಇಳಕಲ್ ಸೀರೆ.
ಸೀರೆಯಲ್ಲಿ ಅಳತೆ ಇರುವುದಿಲ್ಲವೆಂದು
ಅರವತ್ತು ದಾಟಿದ ಗಂಡಸಿಗೆ ಗೊತ್ತಿರಲಿಲ್ಲ.
ಅದು... ಅದೇ... ಒಂದು ಬೇಕಾಗಿತ್ತಮ್ಮ.
ಹೆಸರು ಬಾಯಿಗೆ ಬರಲಿಲ್ಲ.
ಹಲಗೆಗೆ ಬಂದಿತ್ತಲ್ಲ ಅಂತ ನಾನೂ ಅನ್ನಲಿಲ್ಲ.
(ಅನ್ನಬೇಕಿತ್ತು. ಆಮೇಲೆ ಮೂರು ದಿನ
ಪೆಡಲ್ ತುಳಿಯುತ್ತ ಅಂದುಕೊಂಡೆ.)
ಸೀರೆ ಮಡಿಚಿ ಅವರ ಕೈಗಿಟ್ಟು
ಟೇಪು ಕೊರಳಿಗೆ ಹಾಕಿಕೊಂಡು
ಅವರ ಹಿಂದೆಯೇ ನಡೆದೆ, ದೀಪದ ಕಂಬಗಳ ಕೆಳಗೆ,
ತೊಟ್ಟ ನೈಟಿಯಲ್ಲೇ.

ಯಾವ ಬಣ್ಣ ಅಜ್ಜಿ?
ಮಗನ ಮುಖ ನೋಡಿದರು. ಮಗ ಗೋಡೆ ನೋಡಿದರು.
ನೀರು ಕುಡಿಯಲು ಅವರು ಒಳಗೆ ಹೋದದ್ದೇ ತಡ
ಅಜ್ಜಿ ನನ್ನ ಮಣಿಕಟ್ಟು ಹಿಡಿದೆಳೆದರು:
ಹೂವಿರೋದು ತಗಳವ್ವ. ದೊಡ್ಡ ಹೂವು.
ಬಲಕ್ಕೊಂದು ಜೇಬಿಡು, ಎಲೆ ಅಡಿಕೆಗೆ.

ಹಲಗೆಯನ್ನು ಯಾರೂ ಕಿತ್ತಿಲ್ಲ.
ನನ್ನ ಬೋರ್ಡಿಗೂ ಆ ಹೆಸರು ಇನ್ನೂ ಬಂದಿಲ್ಲ.
ಕೊಟ್ರಮ್ಮ ಮಾತ್ರ ಸಂಜೆ ಬಾಗಿಲ ಮುಂದಿನ ಕುರ್ಚಿಯಲ್ಲಿ,
ಮೈತುಂಬ ಕೆಂಪು ದಾಸವಾಳ.
ಮಠದ ಅಯ್ಯನವರು ಹಾದರೆ
ಕೈ ತಾನಾಗಿ ಹೆಗಲಿಗೆ ಹೋಗುತ್ತದೆ,
ಸೆರಗು ತಡಕುತ್ತದೆ,
ಸಿಗದೆ
ಕಿವಿಯ ಹತ್ತಿರ ಗಾಳಿಯಲ್ಲಿ ಒಂದು ಗಳಿಗೆ ನಿಲ್ಲುತ್ತದೆ.
ಆಮೇಲೆ ಇಳಿದು, ಜೇಬಿಗೆ ಹೋಗಿ,
ಒಂದು ಅಡಿಕೆ ಹೋಳು ತರುತ್ತದೆ.