ಕಣ್ಣಲ್ಲಿ ಬಿಟ್ಟ ಬಿಳಿ

ಶಿಡ್ಲಘಟ್ಟದ ಸರ್ಕಾರಿ ಶಾಲೆಗೆ
ಮಂಗಳವಾರ, ಶುಕ್ರವಾರ ನಾನು ಡ್ರಾಯಿಂಗ್ ಮಿಸ್ಸು.
ಚಿಂತಾಮಣಿಯ ಬಸ್ಸಿಳಿದು, ಗೂಡಿನ ಮಾರ್ಕೆಟ್ಟು ಬಳಸಿ
ಫಿಲೇಚರುಗಳ ಓಣಿ ದಾಟುವಷ್ಟರಲ್ಲಿ
ಸೀರೆಯ ನೆರಿಗೆಗೆಲ್ಲ ಬೆಂದ ಹುಳುವಿನ ವಾಸನೆ.
ಮಕ್ಕಳಿಗೆ ಅದು ವಾಸನೆಯೇ ಅಲ್ಲ.

ಮಾವು, ಮನೆ, ಎರಡು ಗುಡ್ಡದ ನಡುವೆ ಸೂರ್ಯ
ಬರೆದೂ ಬರೆದೂ ಸಾಕಾಗಿ
‘ಜಪಾನಿನ ಕಾರ್ಟೂನು ಹೇಳ್ಕೊಡಿ ಮಿಸ್’ ಅಂದರು.
‘ಜಪಾನು ಗೊತ್ತೇನ್ರೋ?’
‘ಗೊತ್ತು ಮಿಸ್. ಬಿಳೀ ಗೂಡು ಬಂದಿದ್ದು ಅಲ್ಲಿಂದಾನೇ.
ಹಳದೀದು ನಮ್ಮದು.’
ನಾನು ಬಿಡಿಸಬೇಕೆಂದಿದ್ದ ಭೂಪಟ
ಅಷ್ಟಕ್ಕೇ ಮುಗಿಯಿತು.

ಕನ್ನಡಿ ತನ್ನಿ ಅಂದಿದ್ದೆ.
ಬಂದವು:
ಪೌಡರ್ ಡಬ್ಬಿಯ ಮುಚ್ಚಳದ್ದು,
ಮೊಪೆಡ್ಡಿನದು (ಅಪ್ಪನಿಗೆ ಹೇಳದೆ ಬಿಚ್ಚಿದ್ದು),
ಬಳೆ ಅಂಗಡಿಯವನು ಕೊಟ್ಟ ಒಡಕು ಚೂರು.
ಚೌಡೇಶ ತಂದದ್ದು ಬೂದಿ ಹಾಕಿ ಉಜ್ಜಿದ ಸ್ಟೀಲು ತಟ್ಟೆ.
ಅದರೊಳಗೆ ಅವನ ಮುಖ,
ಮುಖದ ಮೇಲೆ ಕೆನ್ನೆಯಿಂದ ಕೆನ್ನೆಗೆ
ಅಜ್ಜಿಯ ಹೆಸರು ಕೊರೆದಿತ್ತು, ಮುನಿವೆಂಕಟಮ್ಮ.

ಗದ್ದ ಚೂಪು. ಮೂಗು ಒಂದು ಚುಕ್ಕಿ, ಸಾಕು.
ಬಾಯಿ ಸಣ್ಣದು, ನಿಮ್ಮದಲ್ಲ, ಚಿತ್ರದ್ದು.
ಕಣ್ಣು ಮಾತ್ರ ಅರ್ಧ ಮುಖ.
ಕರಿಗುಡ್ಡೆಯೊಳಗೆ ಒಂದು ಚೂರು ಬಿಳಿ ಬಿಡಿ,
ಅಲ್ಲಿಗೆ ಪೆನ್ಸಿಲ್ಲು ತಾಕಬಾರದು.
‘ಯಾಕೆ ಮಿಸ್?’
ಅದು ಬೆಳಕು ಕಣೋ. ಬೆಳಕನ್ನ ಬರೆಯೋಕಾಗಲ್ಲ,
ಬಿಡೋಕಾಗುತ್ತೆ ಅಷ್ಟೇ.
(ಇದನ್ನು ನಾನೂ ಹಿಂದಿನ ರಾತ್ರಿಯೇ
ಫೋನಿನಲ್ಲಿ ನೋಡಿ ಕಲಿತದ್ದು.)

ಮುಬೀನಾಳ ಹುಬ್ಬಿನ ಗಾಯ ಹಾಳೆಯಲ್ಲಿ ತಿರುಗಾಮುರುಗಾ.
‘ಆ ಕಡೆ ಅಲ್ವೇನೇ ಇರೋದು?’
‘ನಿಮಗೆ ಆ ಕಡೆ ಮಿಸ್.
ನನಗೆ ಯಾವಾಗಲೂ ಈ ಕಡೆ.’

ಚೌಡೇಶ ಎರಡು ಗೀರೆಳೆದು ಕೂತಿದ್ದ.
ಅವೇ ಕಣ್ಣು.
‘ದೊಡ್ಡದು ಮಾಡೋ.’
‘ನಂದು ಇಷ್ಟೇ ಮಿಸ್. ಹೊಗೆ.’
ಬೆಳಗಿನ ನಾಲ್ಕಕ್ಕೆ ನೂಲಿನ ಒಲೆ ಹೊತ್ತಿಸುವ ಮನೆ ಅವನದು.
ಗೊತ್ತಿತ್ತು ನನಗೆ. ಗೊತ್ತಿದ್ದೂ
ರಬ್ಬರು ತಗೊಂಡು ನಾನೇ ಅಳಿಸಿದೆ,
ನಾನೇ ಬರೆದೆ, ಒಂದೊಂದು ಕಣ್ಣು ಒಂದೊಂದು ಕೆರೆ.
ಅವನು ತಟ್ಟೆ ನೋಡಿದ, ಹಾಳೆ ನೋಡಿದ.
‘ಚೆನ್ನಾಗಿದಾನೆ.
ಯಾರು ಮಿಸ್?’

ದಾರ ಕಟ್ಟಿ, ಬಟ್ಟೆಯ ಕ್ಲಿಪ್ಪು ಸಿಕ್ಕಿಸಿ, ಗೋಡೆಯುದ್ದ ತೂಗುಹಾಕಿದೆವು.
ಹೆಸರು ಬೆನ್ನಿಗೆ.
ಮೂವತ್ತೊಂದು ಮುಖ, ಒಬ್ಬಳೇ ಹೆತ್ತ ಹಾಗೆ.
ಪೋಷಕರ ಸಭೆಯ ದಿನ ಹೆಡ್‌ಮಾಸ್ಟರು ನಕ್ಕರು,
‘ಹಾಜರಿ ಹೇಗಮ್ಮ ಕೂಗೋದು ಇವಕ್ಕೆ?’

ಅಶ್ವತ್ಥಮ್ಮ ಬಂದಳು, ಕೆಲಸದಿಂದೆದ್ದು ನೇರ.
ಬಿಸಿನೀರಲ್ಲಿ ನೆನೆದೂ ನೆನೆದೂ
ಬೆರಳ ತುದಿ ಬೆಳ್ಳಗೆ, ಸುಕ್ಕು ಸುಕ್ಕು.
ಕುದಿವ ಬೋಸಿಯಲ್ಲಿ ಕಡಿದ ಎಳೆಯ ತುದಿ ಹುಡುಕುವ ಹಾಗೆ
ಆ ಕೊನೆಯಿಂದ ಬಂದಳು, ಒಂದೊಂದೇ ಮುಖ ಬಿಟ್ಟು,
ಬಿಟ್ಟು,
ನಿಂತಳು.
‘ಇದಿ ಮಾವಾಡೇ. ಚೆವುಲು ಚೂಡಂಡಿ.’

ಕಿವಿ.
ಕಿವಿ ನಾನು ಹೇಳಿಕೊಟ್ಟೇ ಇರಲಿಲ್ಲ.
ಈ ಶೈಲಿಯಲ್ಲಿ ಅದು ಕೂದಲೊಳಗೆ ಹೋಗಿಬಿಡುತ್ತದೆ,
ಕಷ್ಟ ತಪ್ಪುತ್ತದೆ ಅಂತ ನಾನೂ ಬಿಟ್ಟಿದ್ದೆ.
ಅವನು ಕೂದಲು ಸರಿಸಿ ಬರೆದಿದ್ದ,
ಎರಡೂ ಕಡೆ, ಬಾಗಿಲು ತೆಗೆದಿಟ್ಟ ಹಾಗೆ.

‘ಕಣ್ಣು ಯಾರದೋ’ ಅಂದಳು ಅಶ್ವತ್ಥಮ್ಮ ಕನ್ನಡದಲ್ಲಿ,
ನನಗಾಗಿ.
ನಾನು ಸಹಿ ಪುಸ್ತಕ ಮುಂದಿಟ್ಟೆ.

ಮುಂದಿನ ಶುಕ್ರವಾರ ಹೋದರೆ
ಆ ಹಾಳೆಯಲ್ಲಿ ನನ್ನ ಕೆರೆಗಳಿಲ್ಲ.
ಎರಡು ಸಲ ಅಳಿಸಿಕೊಂಡ ಜಾಗ ತೆಳ್ಳಗಾಗಿ
ಗೋಡೆಯ ಸುಣ್ಣ ಕಾಣುವಂತಿತ್ತು.
ಮತ್ತೆ ಅವೇ ಎರಡು ಗೀರು.
ಆದರೆ ಒಂದೊಂದು ಗೀರಿನ ನಡುವೆಯೂ
ಸಾಸಿವೆಯಷ್ಟು ಜಾಗ
ಪೆನ್ಸಿಲ್ಲು ತಾಕಿಸದೆ ಬಿಟ್ಟಿದ್ದ.