ಗಾಳಿಯ ಲೆಕ್ಕ

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನ ಚೀಟಿ.
ಮುಂಬದಿಯಲ್ಲಿ ಅಮ್ಮನ ಇಪ್ಪತ್ತಾರು ದಿನ:
ಲಾಟು ನೂರಾ ಹನ್ನೆರಡು, ತೊಂಬತ್ತೊಂದು ಕೇಜಿ.
ಹಿಂಬದಿಯಲ್ಲಿ ನನ್ನ ಅಕ್ಷರ:
ಪ್ರೊಸೆಸರ್ರು, ಮದರ್‌ಬೋರ್ಡು, ರ‍್ಯಾಮು ಹದಿನಾರು,
ಗ್ರಾಫಿಕ್ಸ್ ಕಾರ್ಡು.
ಅದರೆದುರು ಬೆಲೆ ಬರೆದು, ಹೊಡೆದು,
ಮತ್ತೆ ಬರೆದು, ಹೊಡೆದು
ಚೀಟಿ ತೂತಾಗಿ
ಆ ತೂತಿನಲ್ಲಿ ಅಮ್ಮನ ಒಂದು ಸೊನ್ನೆ ಹೋಗಿದೆ.

ನಾಲ್ಕು ವರ್ಷ ಅಂಗೈಯಗಲದ ಫೋನಿನಲ್ಲಿ
ಯಾರೋ ಆಡಿದ್ದನ್ನು ನೋಡಿದ್ದೇನೆ.
ಹಿಮದ ಬೆಟ್ಟ, ಹಗ್ಗ, ಒಂಟಿ ಹುಡುಗಿ.
ಅವಳು ಜಾರಿದಾಗೆಲ್ಲ ನನ್ನ ಹೆಬ್ಬೆರಳು
ಸುಮ್ಮನೆ ಅಲುಗುತ್ತಿತ್ತು.
ಮೂರು ಬೆಳೆಗೆ ಸೊಪ್ಪು ಕೊಯ್ದ ಪಾಲು
ಈಗ ಕೈಯಲ್ಲಿದೆ, ಐವತ್ತೆರಡು ಸಾವಿರ.
ಇದಕ್ಕೆ ಬೆಟ್ಟ ಬರುತ್ತೆ,
ಹಿಮ ಸ್ವಲ್ಪ ಮಂಜಾಗಿ ಬರಬಹುದು.

ಜಂಗಮಕೋಟೆ ಕ್ರಾಸಿನಲ್ಲಿ ಮೊಬೈಲು ಬಿಚ್ಚುವ ಇಮ್ದಾದ್
ಚೀಟಿ ನೋಡಿ ನಕ್ಕ.
"ಕಾರ್ಡು ಹಳ್ಳಿಕಾರ್ ಹೋರಿ, ಪ್ರೊಸೆಸರ್ರು ಎಳಗರು.
ಒಂದೇ ನೊಗಕ್ಕೆ ಕಟ್ಟಿದರೆ
ಬಂಡಿ ಸುತ್ತುತ್ತೆ ಕಣಮ್ಮ, ಸಾಗಲ್ಲ."
ಆಮೇಲೆ ನಗು ಬಿಟ್ಟು ಹೇಳಿದ:
"ಕರೆಂಟಿನ ಡಬ್ಬಿಯಲ್ಲಿ ಜಿಪುಣತನ ಮಾಡಬೇಡ.
ಬೇರೆ ಯಾವುದು ಸತ್ತರೂ ಒಂದೇ ಸಾಯುತ್ತೆ,
ಇದು ಸತ್ತರೆ ಎಲ್ಲರನ್ನೂ ಕರಕೊಂಡು ಹೋಗುತ್ತೆ."
ನಮ್ಮೂರಲ್ಲಿ ಪಂಪುಸೆಟ್ಟು ಏಳುವ ಹೊತ್ತಿಗೆ
ಟ್ಯೂಬಲೈಟು ಕಣ್ಣು ಮಿಟುಕಿಸುವುದು
ಅವನಿಗೂ ಗೊತ್ತು.

ಕ್ಯಾಬಿನೆಟ್ಟು ಮಾತ್ರ ನಾನೇ ಆರಿಸಿದ್ದೆ, ಯಾರನ್ನೂ ಕೇಳದೆ.
ಮುಂದೆ ಗಾಜು, ಪಕ್ಕ ಗಾಜು,
ಒಳಗೆ ನೇರಳೆ ಬೆಳಕು ತಿರುಗುವ ಮೂರು ಫ್ಯಾನು.
ರಾತ್ರಿ ಹೊದಿಕೆಯೊಳಗೆ ಅದರ ಫೋಟೊ
ಎರಡು ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿ ಮಲಗುತ್ತಿದ್ದೆ.

ಹುಳಮನೆಯಲ್ಲಿ ನಾಲ್ಕನೇ ಜ್ವರ.
ತಲೆಯೆತ್ತಿ, ಮೇಯದೆ, ಸಾವಿರಾರು ಹುಳ
ಏನನ್ನೋ ಕೇಳಿಸಿಕೊಳ್ಳುವ ಹಾಗೆ ನಿಂತಿದ್ದವು.
ಅಮ್ಮ ಗೋಡೆಯ ಥರ್ಮಾಮೀಟರಿಗೆ ಟಾರ್ಚು ಹಿಡಿದು
ಕಿಟಕಿ ನಾಲ್ಕು ಬೆರಳು ತೆರೆದು
ನನ್ನ ಫೋನಿಗೆ ಕೈ ಚಾಚಿದಳು.
"ಇದರೊಳಗೆ ಕಾಯೋದು ಯಾವುದು?"
ಕಾರ್ಡು ತೋರಿಸಿದೆ.
"ಗಾಳಿ ಎಲ್ಲಿಂದ ಬರುತ್ತೆ?"

ಬೆಲೆ ಗೊತ್ತಿತ್ತು, ವಾರಂಟಿ ಗೊತ್ತಿತ್ತು,
ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತೆ ಅನ್ನುವುದೂ ಬಾಯಿಪಾಠ.
ಇದು ಗೊತ್ತಿರಲಿಲ್ಲ.

"ಇದರಲ್ಲಿ ನಾನು ಹುಳ ಮೇಯಿಸಲ್ಲಪ್ಪ,"
ಅಂದಳು ಮುನಿಯಲ್ಲಮ್ಮ, ಏಳನೇ ಕ್ಲಾಸಿಗೆ ಬಿಟ್ಟವಳು.
"ತಣ್ಣಗಿರೋದು ಕೆಳಗಿಂದ ಬರಬೇಕು,
ಬಿಸಿ ಸೂರಿನ ಹತ್ತಿರ ಹೋಗಬೇಕು.
ಜಾಲರಿ ಇರೋದು ನೋಡು.
ಊಜಿನೊಣಾನೂ ಬರಲ್ಲ."

ಕಂಪ್ಯೂಟರಿಗೆ ಊಜಿನೊಣದ ಕಾಟ ಇಲ್ಲ,
ಅಂತ ಹೇಳಬೇಕೆಂದಿದ್ದೆ.
ಗಾಜಿನ ಡಬ್ಬಿಗೆ ಗೀಟು ಎಳೆದೆ.
ಕರಿ ಜಾಲರಿಯದು, ಬೆಳಕಿಲ್ಲದ್ದು, ಕೋಳಿಗೂಡಿನಂಥದ್ದು.
ಉಳಿದ ಎರಡು ಸಾವಿರದ ನಾನೂರು
ಕರೆಂಟಿನ ಡಬ್ಬಿಗೆ.
ನೇರಳೆ ಬೆಳಕಿಗೆ ಎರಡು ದಿನ ಹೊಟ್ಟೆ ಉರಿಯಿತು, ಸುಳ್ಳು ಹೇಳಲ್ಲ.

ಒಂದೊಂದಾಗಿ ಬಂದವು. ಕಾರ್ಡು ಕೊನೆಗೆ,
ಅಕ್ಕಿಮೂಟೆಯ ಮೇಲೆ ಮಲಗಿಸಿದೆವು.
ಪ್ರೊಸೆಸರ್ರನ್ನು ಅದರ ಗುಳಿಗೆ ಇಳಿಸುವಾಗ
ಚಾಕಿಮರಿಗಳನ್ನು ಕೋಳಿಗರಿಯಿಂದ ಸರಿಸುವ ಅಮ್ಮನ ಕೈ
ನೆನಪಾಗಿ, ಉಸಿರು ಬಿಗಿಹಿಡಿದೆ.
ಒತ್ತಬೇಕಿಲ್ಲ. ಅದಾಗಿಯೇ ಕೂತಿತು.

ಗುಂಡಿ ಒತ್ತಿದೆ.
ಫ್ಯಾನು ತಿರುಗಿತು. ಪರದೆ ಕಪ್ಪು.
ಐವತ್ತೆರಡು ಸಾವಿರ, ಕಪ್ಪು.
ಅಮ್ಮ ಡಬ್ಬಿಯ ಹಿಂದೆ ಹೋಗಿ
ಸೊಪ್ಪಿನ ಕಲೆಯ ಅಂಗೈ ಹಿಡಿದು ನಿಂತಳು.
"ಉಸಿರಿದೆ," ಅಂದಳು.

ವೈರನ್ನು ತಪ್ಪು ತೂತಿಗೆ ಚುಚ್ಚಿದ್ದೆ.
ಅದು ತಿಳಿಯುವುದಕ್ಕೆ ಇನ್ನೂ ಅರ್ಧ ಗಂಟೆ ಇತ್ತು,
ಅಷ್ಟರಲ್ಲಿ ಅವಳು
ಜ್ವರ ಬಿಟ್ಟೆದ್ದ ಹುಳಕ್ಕೆ ಸೊಪ್ಪು ಹಾಕಲು
ಹೊರಟುಹೋಗಿದ್ದಳು.