ಒಂಟೆ ಮೇಯ್ದ ಗೆರೆ

ರಾಸ್ ಅಲ್ ಖೈಮಾದಲ್ಲಿ ಊರು ಮುಗಿದು
ಮರಳು ಸುರುವಾಗುವ ಕಡೆ, ಮೂಡಣ ಗುಡ್ಡ
ಇನ್ನೂ ಕಪ್ಪಗಿರುವಾಗಲೇ, ಗಾಫ್ ತೋಪಿನಲ್ಲಿ ನಾವು ಮೂವರು.
ಎಂಟೂವರೆ ದಾಟಿದರೆ ಇಲ್ಲಿ ಬಿಸಿಲಿನದೇ ಆಟ.
ಬೆನ್ನಚೀಲದಲ್ಲಿ ಐದು ತಟ್ಟೆ, ಎರಡು ಬಾಟಲಿ ನೀರು,
ಮುಳ್ಳು ಕೀಳಲು ಆಸ್ಪತ್ರೆಯ ಹಳೇ ಚಿಮಟ.

ಒಂಟೆಗಳು ಕತ್ತು ಚಾಚಿ ಮೇಯ್ದ ಎತ್ತರಕ್ಕೆ
ಅಷ್ಟೂ ಮರದ ಕೆಳಗೆ ಒಂದೇ ಸಮ ಗೆರೆ,
ಯಾರೋ ದಾರ ಹಿಡಿದು ಕತ್ತರಿಸಿದಂತೆ.
ಗೆರೆಯ ಮೇಲೆ ಹಸಿರು, ಮುಳ್ಳು, ಜೋಲುಕೊಂಬೆ.
ಕೆಳಗೆ ಬರೀ ಗಾಳಿ.
ತಟ್ಟೆ ನುಸಿಯಬೇಕಾದ್ದು ಅಲ್ಲಿ,
ಎರಡು ಬೊಡ್ಡೆಗಳ ನಡುವೆ, ಅತ್ತ ಒಂದು ಗೇಣಿಲ್ಲ, ಇತ್ತ ಒಂದು ಗೇಣಿಲ್ಲ,
ಆಚೆ ಸರಪಳಿ ಇಳಿಬಿಟ್ಟುಕೊಂಡು ನಿಂತ ಕಬ್ಬಿಣದ ಬುಟ್ಟಿಗೆ.

ಡಿಯಾನ್ ಕ್ವಾರಿಯ ಎಂಜಿನಿಯರ್, ಆರಡಿ ಮೂರಿಂಚು.
ಎಸೆದನೆಂದರೆ ಸುಂಯ್ ಎಂದು ಗಾಳಿ ಸೀಳಬೇಕು.
ಸೀಳಿತು. ಮೊದಲ ಮರಕ್ಕೇ ಠಪ್.
ಎರಡನೆಯದು ಮುಳ್ಳುಕಂಟಿಗೆ.
ಬಯಲಿನಲ್ಲಿ ನೂರು ಮೀಟರ್ ದಾಟಿಸುವವನು;
ಮರಕ್ಕೆ ಆ ಲೆಕ್ಕ ಗೊತ್ತಿಲ್ಲ.

ನನ್ನ ತೋಳಿಗೆ ಹೆಚ್ಚೆಂದರೆ ನಲವತ್ತು.
ಆದರೆ ಈ ಕೈ ದಿನಕ್ಕೆ ಅರವತ್ತು ನರ ಹುಡುಕುತ್ತದೆ:
ಕ್ಯಾಂಪಿನ ಬಿಸಿಲಿಗೆ ಬತ್ತಿ ಒಳಸೇರಿದ ನರ,
ಕೂಸಿನ ಮಣಿಕಟ್ಟಿನ ಕೂದಲೆಳೆ ನರ.
ಒಂದೇ ಚುಚ್ಚು. ಎರಡಾದರೆ
ಎದುರು ಕೂತ ತಾಯಿ ನನ್ನ ಮುಖ ನೋಡುತ್ತಾಳೆ.

ಅದಕ್ಕೂ ಮೊದಲು, ನರಗುಂದದ ಓಣಿಯಲ್ಲಿ
ಹಂಚಿನ ಚೂರು ಉಜ್ಜಿ ಉಜ್ಜಿ ದುಂಡಗೆ ಮಾಡಿ
ಕುಂಟೆಬಿಲ್ಲೆಯ ಮನೆಗೆ ಎಸೆದ ಕೈ ಇದು.
"ಗೆರಿ ಮುಟ್ಟೇತಿ! ನೀಲಿ ಔಟ್!"
ಮಾಬೂಬಿಯ ಕಣ್ಣು ಯಾವ ಅಂಪೈರಿಗೂ ಇರಲಿಲ್ಲ.

ಎಕ್ಸ್‌ರೇ ವಿಭಾಗದ ಡಿಂಡೋ ನನಗಿದನ್ನು ಕಲಿಸಿದವನು.
ಹೇಳುವುದು ಒಂದೇ: ಮರ ನೋಡಬೇಡ, ಸಂದು ನೋಡು.
ಮೂರನೆಯದಕ್ಕೆ, ನಾಲ್ಕನೆಯದಕ್ಕೆ ಸಂದನ್ನೇ ನೋಡಿದೆ.
ಝಣ್ ಎಂದಿತು ಸರಪಳಿ,
ತವರಿನವರು ಹೆಸರು ಹಿಡಿದು ಕರೆದ ಹಾಗೆ.

ಏಳನೆಯದಕ್ಕೆ ನನಗೂ ಹುಕಿ ಬಂತು. ಬೀಸಿದೆ.
ತಟ್ಟೆ ಗೆರೆ ದಾಟಿ, ಮೇಲೇರಿ,
ಕವಲಿನಲ್ಲಿ ಸಿಕ್ಕಿಕೊಂಡು, ಬರಲೊಲ್ಲದು.

ಮೂರು ವರ್ಷ ಈ ನೆರಳಲ್ಲಿ ಓಡಾಡಿದವಳು
ಕತ್ತೆತ್ತಿ ಎಲೆ ನೋಡಿದ್ದು ಆಗಲೇ.
ಸಣ್ಣ ಸಣ್ಣ ಜೋಡಿ ಎಲೆ.
ಅಯ್ಯ ಶಿವನೆ, ಇದು ಬನ್ನಿ!
ಜೇಬಿನ ಫೋನಿನಲ್ಲಿ ಬೆಳಗಿನಿಂದ
ಊರವರೆಲ್ಲ ಕಳಿಸುತ್ತಿರುವ ಅದೇ ಬನ್ನಿ, ಇವತ್ತು ದಶಮಿ.

ಗಾಂಡೀವ ಕಟ್ಟಿಟ್ಟ ಮರದಲ್ಲಿ
ನನ್ನ ಕಿತ್ತಳೆ ತಟ್ಟೆ, ನೂರೆಪ್ಪತ್ತು ಗ್ರಾಂ.
ಅವರಿಗೆ ಅಜ್ಞಾತ ಒಂದೇ ವರ್ಷ. ನನ್ನದು
ಎರಡು ವರ್ಷಕ್ಕೊಮ್ಮೆ ರಿನ್ಯೂ ಆಗುತ್ತದೆ.

ಡಿಯಾನನ ಎತ್ತರ ಕೊನೆಗೂ ಉಪಯೋಗಕ್ಕೆ ಬಂತು.
ತುದಿಗಾಲಲ್ಲಿ ನಿಂತು, ಮೊಣಕೈ ತರಚಿಕೊಂಡು,
ಇಳಿಸಿಕೊಟ್ಟ. ಚಿಮಟ ಹಿಡಿದು ಮುಳ್ಳು ತೆಗೆದೆ.

ಇಲ್ಲಿ ಈ ಮರದ ಎಲೆ ಕೀಳುವಂತಿಲ್ಲ.
ಮರಳ ಮೇಲೆ ಉದುರಿದ್ದನ್ನು ಆಯ್ದು
ಇಬ್ಬರ ಅಂಗೈಗೂ ಹಾಕಿದೆ:
"ಬನ್ನಿ ತಗೊಂಡು ಬಂಗಾರದಂಗ ಇರೋಣ."
ಏನಿದು, ಎಂದ ಡಿಂಡೋ. ಚಿನ್ನ, ಎಂದೆ.
ನೆಟ್ಟಗೆ ನೋಡಿ, ಅಂಕ ಬರೆಯುವ ಚೀಟಿಯಲ್ಲಿ ಮಡಚಿಟ್ಟ.
ಡಿಯಾನ್ ಮೂಸಿ ನೋಡಿದ, ಅಷ್ಟೆ.

ಬನ್ನಿಯಾದರೂ ಆಟ ಆಟವೇ:
ಏಳನೆಯ ಬುಟ್ಟಿಗೆ ನನ್ನದು ಆರು ಎಸೆತ.

ಹೊರಡುವ ಹೊತ್ತಿಗೆ ಒಂದು ಒಂಟೆ ಬಂತು,
ಯಾರ ಗೊಡವೆಯೂ ಇಲ್ಲದೆ ಕತ್ತು ಚಾಚಿ
ಗೆರೆಯಿಂದ ಒಂದು ಗೇಣು ಮೇಲೆ ಮೇಯ್ದಿತು.
ಮುಂದಿನ ವಾರಕ್ಕೆ ಅಷ್ಟು ಸಂದು ಹೆಚ್ಚು.